ಬೇಗ ಬಂದವನಿಗೇ ಪೆನಾಲ್ಟಿ

1/5
ಮೊನ್ನೆ ಭಾನುವಾರ ಒಂದು ರೀಲ್ ನೋಡ್ದೆ. ಅರಸೀಕೆರೆಯಿಂದ ಹಾರನಹಳ್ಳಿಗೆ ಬರೋ ರೋಡು, ಮೂರು ಬೈಕು, ಹೆಲ್ಮೆಟ್ ಒಂದೂ ಇಲ್ಲ, ಸ್ಪೀಡೋಮೀಟರ್ ಕ್ಲೋಸಪ್. ಮೇಲೆ ಬರೆದಿದ್ದು "ಸಂಡೇ ರ‍್ಯಾಲಿ". ನಾನೂ ಲೈಕ್ ಒತ್ತಿದ್ದೆ, ಆಮೇಲೆ ತೆಗೆದೆ. ಯಾಕೆ ಅಂತ ಹೇಳ್ತೀನಿ. ಪೂರ್ತಿ ಓದಿ, ಆಮೇಲೆ ಬೈರಿ.

2/5
ರ‍್ಯಾಲಿ ಅಂದ್ರೆ ಏನು ಅಂತ ತಿಳ್ಕೊಳ್ಳೋಕೆ ದೂರ ಹೋಗ್ಬೇಕಿಲ್ಲ. ಪಕ್ಕದ ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೆಗಳಲ್ಲೇ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್‌ನ ಸುತ್ತು ನಡೆದಿದೆ. 2016, 2017 ಎರಡೂ ವರ್ಷ ಆ ಪಟ್ಟ ಗೆದ್ದಿದ್ದು ನಮ್ಮ ದೇಶದ ಗೌರವ್ ಗಿಲ್.

ಅಂಥ ವಾರಾಂತ್ಯ ಶುರುವಾಗೋದು ಸ್ಪೀಡಿಂದ ಅಲ್ಲ, ನಿಧಾನದಿಂದ. ಮೊದಲು ರೆಕ್ಕಿ. ಮಿತಿ ಹಾಕಿದ ವೇಗದಲ್ಲಿ ರಸ್ತೆ ನೋಡ್ಕೊಂಡು ಬರ್ಬೇಕು. ಡ್ರೈವರ್ ಹೇಳ್ತಾನೆ, ನ್ಯಾವಿಗೇಟರ್ ಒಂದೊಂದು ತಿರುವನ್ನೂ ಬರ್ಕೋತಾನೆ. ಇಲ್ಲೇ ಜೋರು ಮಾಡಿ ಸಿಕ್ಕಿಬಿದ್ರೆ ದಂಡ. ಆ ನೋಟ್ಸ್ ಓದಿ ಓದಿಯೇ ರಾಷ್ಟ್ರೀಯ ಚಾಂಪಿಯನ್ ಆದವರು ಕಾಸರಗೋಡಿನ ಮೂಸಾ ಶರೀಫ್.

ಆಮೇಲೆ ತಪಾಸಣೆ. ರೋಲ್ ಕೇಜ್, ಬೆಲ್ಟು, ಹೆಲ್ಮೆಟ್, ಬೆಂಕಿ ಆರಿಸೋ ಸಿಲಿಂಡರ್. ಒಂದು ಸರಿ ಇಲ್ಲದಿದ್ರೂ ಸ್ಟಾರ್ಟ್ ಇಲ್ಲ.

3/5
ನಿಜವಾದ ಓಟ ಸಾಮಾನ್ಯವಾಗಿ ಶನಿವಾರ, ಭಾನುವಾರ. ಅದೂ ಪೂರ್ತಿ ಮುಚ್ಚಿದ ಸ್ಟೇಜ್‌ಗಳಲ್ಲಿ ಮಾತ್ರ. ಮೊದಲು ಝೀರೋ ಕಾರ್ ಹೋಗಿ ರಸ್ತೆ ಖಾಲಿ ಇದೆಯಾ ನೋಡುತ್ತೆ. ಆಮೇಲೆ ಒಂದೊಂದೇ ಕಾರು, ನಡುವೆ ನಿಮಿಷಗಳ ಅಂತರ. ಯಾರೂ ಯಾರನ್ನೂ ಕಟ್ ಹೊಡೆಯಲ್ಲ, ಗಡಿಯಾರದ ಜೊತೆ ಓಟ. ರಿಪೇರಿಗೂ ಲೆಕ್ಕದ ನಿಮಿಷ. ರಾತ್ರಿ ಕಾರನ್ನ ಬೀಗದೊಳಗೆ ಇಡ್ತಾರೆ, ಮೆಕ್ಯಾನಿಕ್ ಕೂಡ ಮುಟ್ಟಂಗಿಲ್ಲ.

ಒಂದು ಸ್ಟೇಜಿಂದ ಇನ್ನೊಂದಕ್ಕೆ ಹೋಗೋದು ನಮ್ಮ ನಿಮ್ಮ ರೋಡಲ್ಲೇ. ಬಸ್ಸು, ಟ್ರ್ಯಾಕ್ಟರ್, ಎಮ್ಮೆ ಎಲ್ಲಾ ಇರ್ತವೆ. ಅಲ್ಲಿ ಟ್ರಾಫಿಕ್ ರೂಲ್ಸ್ ಪಾಲಿಸಲೇಬೇಕು. ಕೈಲಿ ಟೈಮ್ ಕಾರ್ಡ್ ಇರುತ್ತೆ. ಅಂತರರಾಷ್ಟ್ರೀಯ ನಿಯಮದಲ್ಲಿ ಒಂದು ನಿಮಿಷ ಲೇಟಾದ್ರೆ 10 ಸೆಕೆಂಡ್ ಪೆನಾಲ್ಟಿ. ಒಂದು ನಿಮಿಷ ಬೇಗ ಬಂದ್ರೆ? ಪೂರ್ತಿ 60 ಸೆಕೆಂಡ್. ಆರು ಪಟ್ಟು! ಊರ ರಸ್ತೆಯಲ್ಲಿ ಹಾರ್ಕೊಂಡು ಬಂದವನು ರ‍್ಯಾಲಿ ಸೋಲ್ತಾನೆ.

4/5
ಇಷ್ಟೆಲ್ಲಾ ಮಾಡಿದ್ರೂ ತಪ್ಪಾಗುತ್ತೆ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾರ್ಮೇರ್ ಬಳಿ ರಾಷ್ಟ್ರೀಯ ರ‍್ಯಾಲಿ ನಡೀತಿದ್ದಾಗ ಸ್ಟೇಜ್ ಒಳಗೆ ಒಂದು ಬೈಕ್ ಬಂತು. ರ‍್ಯಾಲಿ ಕಾರು ಗುದ್ದಿ ಒಂದೇ ಮನೆಯ ಮೂರು ಜನ ಹೋದ್ರು. ಮುಚ್ಚಿದ ರಸ್ತೆಯಲ್ಲೇ ಹೀಗಾದ್ರೆ, ಮುಚ್ಚದೇ ಇರೋ ನಮ್ಮ ರೋಡಲ್ಲಿ ಝೀರೋ ಕಾರ್ ಯಾವುದು? ಹಾಲು ಹಾಕಿ ಸೈಕಲ್ಲಲ್ಲಿ ಬರೋ ತಾತನಾ?

ನಮ್ಮ ಕ್ಲಾಸಿನ ಒಬ್ಬ ಈಗ ಕಾಲಲ್ಲಿ ರಾಡ್ ಇಟ್ಕೊಂಡು ಮನೇಲಿದ್ದಾನೆ. ಅವನ ವಿಡಿಯೋಗೆ ಬೆಂಕಿ ಇಮೋಜಿ ಹಾಕಿದ್ದು ನಾವೇ. ಆಸ್ಪತ್ರೆ ಬಿಲ್ಲಿಗೆ ಎಮ್ಮೆ ಮಾರಿದ್ದು ಅವರಪ್ಪ.

5/5
"ರೇಸು ದುಡ್ಡಿದ್ದವರಿಗೆ ಮಗಾ, ನಮಗೆ ಎಲ್ಲಿದೆ ಟ್ರ್ಯಾಕು?" ಅಂತೀರಿ. ಒಪ್ತೀನಿ. ಕಾರು, ಟೈರು, ಲೈಸೆನ್ಸು ಎಲ್ಲಾ ದುಬಾರಿ. ಹಳ್ಳಿ ಹುಡುಗರಿಗೆ ಒಂದು ಮಣ್ಣಿನ ಟ್ರ್ಯಾಕ್ ಕೊಡಿ ಅಂತ ಕೇಳೋಣ, ನಾನೂ ಸಹಿ ಹಾಕ್ತೀನಿ. ಆದ್ರೆ ಟ್ರ್ಯಾಕ್ ಇಲ್ಲ ಅನ್ನೋದು ಬೇರೆಯವರ ಪ್ರಾಣದ ಮೇಲೆ ಆಡೋಕೆ ಪರ್ಮಿಟ್ ಅಲ್ಲ.

ಈ ಆಟದ ಮೇಲೆ ನಿಜವಾಗ್ಲೂ ಪ್ರೀತಿ ಇದ್ರೆ, ಮುಂದಿನ ಸಲ ಹತ್ತಿರದಲ್ಲಿ ರ‍್ಯಾಲಿ ನಡೆದಾಗ ಹೋಗೋಣ, ಹಗ್ಗದ ಈಚೆ ನಿಂತು ನೋಡೋಣ. ಬಾವುಟ, ವಿಸಿಲ್ ಹಿಡಿದು ಸ್ಟೇಜ್ ಕಾಯೋ ಮಾರ್ಷಲ್‌ಗಳು ಬೇಕೇ ಬೇಕು, ಆ ಕೆಲಸ ಕೇಳೋಣ.

ಅಲ್ಲೀವರೆಗೆ ಆ ರೀಲ್‌ಗಳಿಗೆ ಲೈಕ್ ಬೇಡ. ರ‍್ಯಾಲಿ ಅನ್ನೋ ಹೆಸರಂತೂ ಬೇಡವೇ ಬೇಡ.

ಬರೋರು ಕಾಮೆಂಟಲ್ಲಿ ಹೆಸರು ಹಾಕಿ. ಹೆಲ್ಮೆಟ್ ಇಲ್ದೋರ್ನ ಕರ್ಕೊಂಡು ಹೋಗಲ್ಲ.

#ಹಾರನಹಳ್ಳಿ #ಅರಸೀಕೆರೆ #ರೋಡು_ಸ್ಟೇಜಲ್ಲ