ಶಿಗ್ಗಾವಿ ಎಂದರೆ ಸರ್ವರ್‌ಗೆ ಗೊತ್ತಾಗಲಿಲ್ಲ!

ಹಾನಗಲ್, ಸವಣೂರು, ಹಿರೇಕೆರೂರಿನ ಮೂವರು ಗೆಳೆಯರು, ಜೊತೆಗೆ ಶಿಗ್ಗಾವಿಯ ನಾನು. ಅಂತಿಮ ವರ್ಷದ ಪ್ರಾಜೆಕ್ಟಿಗೆಂದು ನಾಲ್ಕು ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡೆವು. ‘ಸರ್ವರ್ 1, ಸರ್ವರ್ 2’ ಎನ್ನಲು ಮನಸ್ಸಾಗದೆ ನಮ್ಮ ತಾಲ್ಲೂಕುಗಳ ಹೆಸರನ್ನೇ ಹೋಸ್ಟ್‌ನೇಮ್ ಆಗಿ ಇಟ್ಟೆವು. ಅದಕ್ಕೆ ‘ಹಾವೇರಿ’ ಎಂಬ ಡೊಮೇನ್ ಸೇರಿಸಿದೆವು. ಹಳ್ಳಿಯ ಹೆಸರಿನ ಮುಂದೆ ತಾ., ಜಿ. ಎಂದು ಬರೆಯುತ್ತೇವಲ್ಲ, ಹಾಗೆಯೇ.

ನನ್ನ ಯಂತ್ರಕ್ಕೆ ನಾನು ಕೊಟ್ಟದ್ದು ‘ಎ-ಒ-ಎನ್’ ಎಂದು ಮುಗಿಯುವ ಇಂಗ್ಲಿಷ್ ಸ್ಪೆಲ್ಲಿಂಗ್. ಬ್ಯಾಕಪ್ ಸ್ಕ್ರಿಪ್ಟ್ ಬರೆದ ಹಾನಗಲ್ಲಿನ ಗೆಳೆಯ ‘ಎ-ವಿ-ಐ’ ಎಂದು ಬರೆದ. ಊರಿನಲ್ಲಿ ಎರಡೂ ನಡೆಯುತ್ತವೆ, ಸರ್ವರ್‌ನಲ್ಲಿ ನಡೆಯಲಿಲ್ಲ. ಆ ಹೆಸರಿನ ಯಂತ್ರವೇ ಇಲ್ಲವೆಂದು ಅದು ಪ್ರತಿ ರಾತ್ರಿ ಲಾಗ್‌ನಲ್ಲಿ ಬರೆಯುತ್ತಲೇ ಇತ್ತು. ಓದುವವರು ಯಾರು? ಹಿರೇಕೆರೂರಿನ ಡಿಸ್ಕ್ ಕೈಕೊಟ್ಟಾಗ ಹನ್ನೊಂದು ದಿನದ ಕೆಲಸ ಹೋಯಿತು.

ಪರಿಹಾರ ಒಂದೇ ಸಾಲಿನದು. ಲಿನಕ್ಸ್‌ನಲ್ಲಿ ‘ಹೋಸ್ಟ್ಸ್’ ಎಂಬ ಪುಟ್ಟ ಫೈಲ್ ಇದೆ. ಅಂತರ್ಜಾಲದ ಆರಂಭದ ದಿನಗಳಲ್ಲಿ ಅಮೆರಿಕದ ಒಂದು ಸಂಸ್ಥೆ ಎಲ್ಲ ಕಂಪ್ಯೂಟರ್‌ಗಳ ಹೆಸರನ್ನು ಒಂದೇ ಪಟ್ಟಿಯಲ್ಲಿ ಇಟ್ಟುಕೊಂಡಿತ್ತು; ಪಟ್ಟಿ ಬೆಳೆದು ಸಂಭಾಳಿಸಲಾಗದಾದಾಗ, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಇಂದಿನ ಡಿಎನ್‌ಎಸ್ ವ್ಯವಸ್ಥೆ ರೂಪಿಸಿದರು. ಆ ಹಳೆಯ ಪಟ್ಟಿಯ ಮರಿಯೇ ಈ ಫೈಲ್. ಇದರಲ್ಲಿ ಮೊದಲು ಯಂತ್ರದ ವಿಳಾಸ, ಆಮೇಲೆ ಅಧಿಕೃತ ಹೆಸರು, ಆಮೇಲೆ ಬೇಕಾದಷ್ಟು ಅಡ್ಡಹೆಸರು. ಯಾವುದನ್ನು ಕರೆದರೂ ಅದೇ ಯಂತ್ರ ಓಗೊಡುತ್ತದೆ.

ನಮ್ಮ ಕಚೇರಿಗಳಿಗೂ ಇಂಥದೊಂದು ಸಾಲು ಬೇಕು ಎಂಬುದು ನನ್ನ ವಾದ. ಅಪ್ಪನ ಆಧಾರ್‌ನಲ್ಲಿ ಊರ ಹೆಸರು ಒಂದು ಥರ, ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ. ಎರಡೂ ಒಂದೇ ಊರು ಎಂದು ಅಫಿಡವಿಟ್ ತರಲು ಹೇಳಿದರು. ಎರಡು ದಿನದ ಕೂಲಿ, ಬಸ್ ಚಾರ್ಜು, ನೋಟರಿ ಖರ್ಚು ಎಲ್ಲವೂ ಅವರ ಜೇಬಿನಿಂದಲೇ. 2014ರ ನವೆಂಬರ್ 1ರಂದು ಸರ್ಕಾರ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ ಸೇರಿ 12 ನಗರಗಳ ಇಂಗ್ಲಿಷ್ ಹೆಸರನ್ನು ತಿದ್ದಿತು. ನಮ್ಮ ಸಣ್ಣ ಊರುಗಳು ಆ ಪಟ್ಟಿಯಲ್ಲಿ ಇರಲಿಲ್ಲ.

ಕನ್ನಡದಲ್ಲೇ ಬರೆದರೆ ಮುಗಿಯಿತಲ್ಲ ಎನ್ನಬಹುದು. ‘.ಭಾರತ’ ಎಂದು ಕೊನೆಯಾಗುವ ಕನ್ನಡ ಡೊಮೇನ್‌ಗಳು ಈಗ ಇವೆ, ನನಗೂ ಅದು ಖುಷಿಯೇ. (ಒಳಗೊಳಗೆ ಅದನ್ನು ಪ್ಯೂನಿಕೋಡ್ ಎಂಬ ಇಂಗ್ಲಿಷ್ ಅಕ್ಷರಗಳ ಸರಕ್ಕೆ ಬದಲಿಸುತ್ತಾರೆ, ಆ ಮಾತು ಬೇರೆ.) ಆದರೆ ಶಿಗ್ಗಾವಿಯೋ, ಶಿಗ್ಗಾಂವಿಯೋ, ಶಿಗ್ಗಾಂವೋ? ಹಾನಗಲ್ಲಂತೂ ಶಾಸನಗಳಲ್ಲಿ ಪಾನುಂಗಲ್ಲು. ಯಾವುದನ್ನೂ ಅಳಿಸಬೇಕಿಲ್ಲ. ಒಂದನ್ನು ಅಧಿಕೃತ ಎಂದು ಗೊತ್ತುಮಾಡಿ, ಉಳಿದವನ್ನು ಅದರ ಪಕ್ಕದಲ್ಲೇ ಬರೆದು, ಎಲ್ಲ ಕಚೇರಿಯ ಕಂಪ್ಯೂಟರಿಗೂ ಕೊಟ್ಟರೆ ಸಾಕು.

ನಮ್ಮ ಫೈಲ್‌ನಲ್ಲಿ ಈಗ ನನ್ನೂರಿಗೆ ನಾಲ್ಕು ಹೆಸರಿವೆ, ಬ್ಯಾಕಪ್ ತಪ್ಪದೆ ಹೋಗುತ್ತಿದೆ. ಅಪ್ಪನ ಅರ್ಜಿ ಇನ್ನೂ ಟೇಬಲ್ ಮೇಲಿದೆ.