ಎಂಜಿನ್ ಗಟ್ಟಿ, ಗಾಡಿ ಮಾತ್ರ ಕರಗಿತ್ತು

ಅಪ್ಪಯ್ಯನ ಪಿಕಪ್‌ನ ಸೀಟಿನ ಕೆಳಗೆ ರಬ್ಬರ್ ಬ್ಯಾಂಡ್ ಹಾಕಿದ ಡೈರಿಗಳ ಕಟ್ಟೊಂದಿತ್ತು. 2009ರಿಂದ 2023ರವರೆಗೆ ಹದಿನೈದು ಡೈರಿ. ಕೆಲವು ಸೊಸೈಟಿಯವರು ಕೊಟ್ಟಿದ್ದು, ಕೆಲವು ಮೆಡಿಕಲ್ ಶಾಪಿನದ್ದು, ಒಂದು ನನ್ನ ಮೊದಲ ಆಫೀಸಿನದ್ದು. ಎಲ್ಲದಕ್ಕೂ ಮೀನಿನ ವಾಸನೆ. ಒಳಗೆ ದಿನಚರಿ ಏನೂ ಇಲ್ಲ, ಬರೀ ಲೆಕ್ಕ: ಡೀಸೆಲ್ ಎಷ್ಟು ಲೀಟರ್, ಗ್ಯಾರೇಜಿಗೆ ಎಷ್ಟು, ಯಾವ ಪಾರ್ಟು, ಯಾವ ತಾರೀಕು.

ನಮ್ಮದು ಕೋಟದ ಹತ್ತಿರದ ಊರು. ಅಪ್ಪಯ್ಯ ಬೆಳಗಿನ ಜಾವ ಮಲ್ಪೆ ಬಂದರಿಗೆ ಹೋಗಿ ಮೀನು ತುಂಬಿಸಿಕೊಂಡು, ಹೆಬ್ರಿ, ಆಗುಂಬೆ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹಾಕಿ ಬರೋರು. ವಾರಕ್ಕೆ ಮೂರು ಟ್ರಿಪ್. ನನ್ನ ಇಂಜಿನಿಯರಿಂಗ್ ಫೀಸು, ಹಾಸ್ಟೆಲ್ಲು, ಅಣ್ಣನ ಮದುವೆ ಎಲ್ಲ ಅದೇ ಗಾಡಿಯ ಮೇಲೆ ನಡೆದದ್ದು. ಗಾಡಿ ಯಾವ ಕಂಪನಿದು ಅಂತ ಮಾತ್ರ ಕೇಳಬೇಡಿ. ಮುಂದೆ ಬೈಯೋದೂ ಇದೆ, ಹೊಗಳೋದೂ ಇದೆ. ಎರಡೂ ನಮ್ಮ ಒಂದು ಗಾಡಿಯ ಕತೆ ಅಷ್ಟೆ.

ಹೋದ ವರ್ಷ ಎಫ್‌ಸಿ ಮುಗಿಯೋ ಹೊತ್ತಿಗೆ ಮನೆಯಲ್ಲಿ ಚರ್ಚೆ ಶುರುವಾಯ್ತು. ಗೂಡ್ಸ್ ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಹದಿನೈದು ದಾಟಿದ ಗಾಡಿಗಳಿಗೆ 2022ರ ಏಪ್ರಿಲ್‌ನಿಂದ ಫೀಸೂ ಏರಿದೆ. ನಾನು ಫೋನಲ್ಲಿ ಹೇಳಿದೆ, "ಅಪ್ಪಯ್ಯ, ಇದನ್ನ ಕೊಟ್ಟು ಹೊಸದು ತಗೊಳ್ಳಿ, ಇಎಂಐ ನಾನು ಕಟ್ತೀನಿ." ಅವರದ್ದು ಒಂದೇ ಮಾತು: "ನಮ್ ಗಾಡಿಗೆ ಇಷ್ಟ್ ವರ್ಷದಲ್ಲಿ ಎಂತ ಆಯ್ಲಿಲ್ಲ ಮಗಾ."

ಹಳೇ ಪಿಕಪ್ ಇಟ್ಟುಕೊಂಡ ಯಾರನ್ನು ಕೇಳಿದರೂ ಇದೇ ಉತ್ತರ. ಐದು ಲಕ್ಷ ಓಡಿದೆ, ಎಂಜಿನ್ ಬಿಚ್ಚಿಲ್ಲ, ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಹೀಗೆ ಹೇಳೋರೆಲ್ಲ ಇನ್ನೂ ಓಡ್ತಿರೋ ಗಾಡಿಯ ಓನರ್‌ಗಳು. ಗುಜರಿಗೆ ಹೋದ ಗಾಡಿಯವನು ಟೀ ಅಂಗಡಿಗೆ ಬಂದು ಕತೆ ಹೇಳಲ್ಲ. ಹಾಗಾಗಿ ನಾನು ನನ್ನ ಕಸುಬಿನ ಬುದ್ಧಿ ತೋರಿಸಿದೆ. ಎರಡು ದಿನ ರಜೆ ಹಾಕಿ ಊರಿಗೆ ಹೋಗಿ, ಹದಿನೈದು ಡೈರಿಯನ್ನೂ ಜಗಲಿಯಲ್ಲಿ ಕೂತು ಸ್ಪ್ರೆಡ್‌ಶೀಟ್‌ಗೆ ಹಾಕಿದೆ. ಅಪ್ಪಯ್ಯನ ಮಾತು ಸುಳ್ಳು ಅಂತ ಡೇಟಾದಲ್ಲಿ ತೋರಿಸಿಬಿಡೋಣ ಅನ್ನೋ ಹಟ.

ಎಷ್ಟು ಓಡಿದೆ ಅನ್ನೋದೇ ಮೊದಲ ಸಮಸ್ಯೆ. ಮೀಟರ್ ಕೇಬಲ್ 2016ರಲ್ಲಿ ಕಟ್ ಆಗಿ ಮುಳ್ಳು ಅಲ್ಲೇ ನಿಂತಿದೆ, ಹಾಕಿಸೋಕೆ ಅಪ್ಪಯ್ಯ ಹೋಗಿಲ್ಲ. ಆದರೆ ಡೀಸೆಲ್ ಲೆಕ್ಕ ಪಕ್ಕಾ. ಒಟ್ಟು 52 ಸಾವಿರ ಲೀಟರ್ ಚಿಲ್ಲರೆ. ಲೀಟರಿಗೆ 11 ಕಿಲೋಮೀಟರ್ ಹಿಡಿದರೆ ಸುಮಾರು 5.7 ಲಕ್ಷ ಕಿಲೋಮೀಟರ್. ಅದೂ ಹೆಚ್ಚಿನದ್ದು ಘಾಟಿ ರಸ್ತೆ, ಹೋಗುವಾಗ ಫುಲ್ ಲೋಡು.

ರಿಪೇರಿ ಸಾಲುಗಳು 212. ಬ್ರೇಕ್ ಲೈನರ್ ಮತ್ತು ಪ್ಯಾಡ್ 31 ಸಲ, ಹಿಂದಿನ ಲೀಫ್ ಸ್ಪ್ರಿಂಗ್ ಪ್ಲೇಟ್ 14 ಸಲ, ವೀಲ್ ಬೇರಿಂಗ್ 11, ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್ 9, ಕ್ಲಚ್ 6, ಸೆಲ್ಫ್ ಮೋಟರ್ 5. ಎಂಜಿನ್ ಬಿಚ್ಚಿದ್ದು ಒಂದೇ ಸಲ, 2017ರಲ್ಲಿ. ರೇಡಿಯೇಟರ್ ಹೋಸ್ ಒಡೆದು ನೀರು ಹೋಗಿ, ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು.

"ಇದೆಲ್ಲ ಏನು, ಎಂತ ಆಯ್ಲಿಲ್ಲ ಅಂದ್ರಲ್ಲ?" ಅಂತ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಅಪ್ಪಯ್ಯ ಕನ್ನಡಕ ಹಾಕ್ಕೊಂಡು ಅರ್ಧ ನಿಮಿಷ ನೋಡಿದರು. "ಇದು ಸವೆಯುದ್. ಸವೆದದ್ ಹಾಕುದ್. ಮೀನ್ ಹಾಳಾಯ್ತಾ ಕೇಳ್."

ಸರಿ ಅಂತ ಆ ಲೆಕ್ಕವನ್ನೂ ತೆಗೆದೆ. ದಾರಿಯಲ್ಲಿ ನಿಂತು ಬೇರೆ ಗಾಡಿಗೆ ಮೀನು ದಾಟಿಸಿದ್ದು, ಹದಿನೈದು ವರ್ಷದ ಸುಮಾರು 1,900 ಟ್ರಿಪ್‌ಗಳಲ್ಲಿ, ಏಳು ಸಲ. 99.6 ಪರ್ಸೆಂಟ್ ಆಯ್ತು. ನಾನು ಕೆಲಸ ಮಾಡೋ ಟೀಮಿನಲ್ಲಿ ಇಷ್ಟಕ್ಕೆ ಸ್ಲೈಡ್ ಮಾಡಿ ಚಪ್ಪಾಳೆ ಹೊಡಿಸ್ಕೋತೀವಿ. ಗಾಡಿ ಕೆಡಲ್ಲ ಅನ್ನೋದಲ್ಲ ಅಪ್ಪಯ್ಯನ ಅರ್ಥ, ನೋಟಿಸ್ ಕೊಡದೆ ಕೆಡಲ್ಲ ಅನ್ನೋದು. ಬೇರಿಂಗ್ ಹೋಗೋ ಮೊದಲು ಗೊಂಯ್ ಅನ್ನುತ್ತೆ. ಕ್ರಾಸ್ ಹೋಗೋ ಮೊದಲು ಗೇರ್ ಹಾಕಿದಾಗ ಕಟಕ್ ಅನ್ನುತ್ತೆ. ಕ್ಲಚ್ ವಾಸನೆ ಬರುತ್ತೆ. ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್, ಸೆನ್ಸರ್ ಕೈಕೊಟ್ಟು ಎಂಜಿನ್ ತಾನೇ ಪವರ್ ಇಳಿಸಿಕೊಳ್ಳೋ ಪ್ರಶ್ನೆಯೇ ಇಲ್ಲ. 2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲೆ ಅಂಥ ಸರಳ ಎಂಜಿನ್ ಹೊಸ ಪಿಕಪ್‌ನಲ್ಲಿ ಸಿಗಲ್ಲ. ಹಾಗಂತ ಹಳೇದನ್ನ ದೇವರು ಮಾಡೋದು ಬೇಡ. ಹೊಗೆ ನೋಡಿದರೆ ಹಿಂದೆ ಬೈಕಿನಲ್ಲಿ ಬರೋರ ಮುಖಕ್ಕೆ ನಾವು ಕ್ಷಮೆ ಕೇಳಬೇಕು. ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ.

ಅಂತೂ ನಾನು ಸೋತೆ. ಡೇಟಾ ಅಪ್ಪಯ್ಯನ ಕಡೆಗಿತ್ತು. ಎಫ್‌ಸಿ ಮಾಡಿಸೋಣ ಅಂತ ಮರುದಿನ ಇಬ್ಬರೂ ಗ್ಯಾರೇಜಿಗೆ ಹೋದ್ವಿ.

ಗ್ಯಾರೇಜಿನ ಅಣ್ಣ ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಸಣ್ಣ ಸುತ್ತಿಗೆ ಹಿಡಿದು ಗಾಡಿ ಕೆಳಗೆ ಹೋಗಿ ಚಾಸಿಸ್ ಉದ್ದಕ್ಕೂ ಬಡೀತಾ ಬಂದರು. ಟಣ್, ಟಣ್, ಟಣ್. ಹಿಂದಿನ ಲೀಫ್ ಸ್ಪ್ರಿಂಗ್ ಕೂರೋ ಬ್ರ್ಯಾಕೆಟ್ ಹತ್ತಿರ ಬಂದಾಗ ಸದ್ದು ಬದಲಾಯ್ತು. ದಬ್. ಮತ್ತೆ ದಬ್. ಹಪ್ಪಳದ ಹಾಗೆ ಎರಡು ಪದರ ಉದುರಿತು. ಸ್ಕ್ರೂಡ್ರೈವರ್ ಇಟ್ಟು ಒತ್ತಿದರು, ಒಳಗೆ ಹೋಯ್ತು.

ನನ್ನ ಶೀಟಿನಲ್ಲಿ ಚಾಸಿಸ್ ಅಂತ ಒಂದು ಸಾಲೂ ಇರಲಿಲ್ಲ. ಸಾಲು ಇಲ್ಲ ಅಂದರೆ ಸಮಸ್ಯೆ ಇಲ್ಲ ಅಂತ ಓದಿಕೊಂಡಿದ್ದೆ. ದುಡ್ಡು ಕೊಟ್ಟಿದ್ದು ಮಾತ್ರ ಡೈರಿಗೆ ಬರುತ್ತೆ. ಹದಿನೈದು ವರ್ಷ ಯಾರೂ ಒಂದು ರೂಪಾಯಿ ಹಾಕದ ಭಾಗದ ಬಗ್ಗೆ ಡೈರಿ ಏನು ಹೇಳೀತು? ಲಾಗ್ ಇಲ್ಲದ ಸರ್ವಿಸ್ ಆರೋಗ್ಯವಾಗಿದೆ ಅಂತ ನಮ್ಮ ಟೀಮಿನ ಹೊಸ ಹುಡುಗ ಹೇಳಿದ್ದರೆ ನಾನೇ ಅವನಿಗೆ ಕ್ಲಾಸ್ ತಗೋತಿದ್ದೆ.

ಮೀನಿನ ಗಾಡಿಗಳು ಸಾಯೋದೇ ಹೀಗೆ. ಐಸ್ ಕರಗಿ ಬರೋ ನೀರು ಬರೀ ನೀರಲ್ಲ, ಉಪ್ಪು ನೀರು. ಅದು ರಸ್ತೆಗೆ ಸುರಿದರೆ ಬೈಕಿನವರು ಜಾರಿ ಬೀಳ್ತಾರೆ ಅಂತ ಕೆಳಗೆ ನೀರು ಹಿಡಿಯೋ ಟ್ಯಾಂಕ್ ಕಟ್ಟಿರ್ತಾರೆ. ಅದು ಒಳ್ಳೇದೇ, ಆದರೆ ಟ್ಯಾಂಕಿನ ಕ್ಲಾಂಪ್ ಚಾಸಿಸ್ ಹಿಡ್ಕೊಂಡಿರೋ ಜಾಗದಲ್ಲಿ ತೇವ ಕೂತು ಬಿಡುತ್ತೆ. ಉಪ್ಪಿಗೆ ಗಾಳಿಯ ತೇವ ಎಳೆದುಕೊಳ್ಳೋ ಗುಣ ಇದೆ. ಹಾಗಾಗಿ ಬಿಸಿಲಿಗೆ ನಿಲ್ಲಿಸಿದರೂ ಆ ಮೂಲೆ ಪೂರ್ತಿ ಒಣಗಲ್ಲ. ಉಪ್ಪು ನೀರಲ್ಲಿ ಕರೆಂಟ್ ಚೆನ್ನಾಗಿ ಹರಿಯೋದರಿಂದ ತುಕ್ಕಿನ ಕೆಲಸ ಸಿಹಿನೀರಿಗಿಂತ ಬೇಗ ಸಾಗುತ್ತೆ. ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆ 61 ದಿನ ಗಾಡಿಗೆ ರೆಸ್ಟ್ ಅಂತ ನಾವು ಖುಷಿ ಪಡ್ತಿದ್ವಿ. ತೆಂಗಿನ ಮರದ ಕೆಳಗೆ, ಕರಾವಳಿ ಮಳೆಯಲ್ಲಿ, ಚಾಸಿಸ್ ಸಂದಿಯಲ್ಲಿ ಉಪ್ಪು ಬೆರೆತ ಹಸಿ ಮಣ್ಣು ಇಟ್ಕೊಂಡು ಅದು ಎರಡು ತಿಂಗಳು ನಿಂತಿರ್ತಿತ್ತು. ಓಡೋವಾಗಿಂತ ನಿಂತಾಗಲೇ ಹೆಚ್ಚು ತಿಂದಿರಬೇಕು.

ಅಪ್ಪಯ್ಯ ಏನೂ ಮಾಡಿರಲಿಲ್ಲ ಅಂತಲ್ಲ. ಪ್ರತಿ ಮೇ ತಿಂಗಳು ಸುಟ್ಟ ಆಯಿಲನ್ನ ಕೆಳಗೆಲ್ಲ ಸ್ಪ್ರೇ ಹೊಡೆಸೋರು, ನಮ್ಮ ಕಡೆ ಎಲ್ಲರೂ ಮಾಡೋ ಹಾಗೆ. ಅದು ಮಣ್ಣಿಗೂ ಒಳ್ಳೇದಲ್ಲ, ರಬ್ಬರ್ ಬುಶ್‌ಗೂ ಒಳ್ಳೇದಲ್ಲ. ಮೇಲಾಗಿ ಹೊರಗಿನ ಮೈಗೆ ಬಿದ್ದ ಎಣ್ಣೆ ಒಳಗಿನ ಮೈಗೆ ತಲುಪಲ್ಲ. ನಮ್ಮದು ಒಳಗಿಂದ ಹೊರಗೆ ಕೊಳೆತಿತ್ತು.

ಗಟ್ಟಿ ಪಿಕಪ್ ಅಂದ ತಕ್ಷಣ ನಮ್ಮ ವಯಸ್ಸಿನವರಿಗೆ ನೆನಪಾಗೋದು ಟೊಯೋಟಾ ಹೈಲಕ್ಸ್. 2003ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಕಾರ್ಯಕ್ರಮದವರು ಒಂದು ಹಳೇ ಡೀಸೆಲ್ ಹೈಲಕ್ಸನ್ನ ಸಮುದ್ರದ ಉಬ್ಬರಕ್ಕೆ ಬಿಟ್ಟರು, ಬೆಂಕಿ ಹಚ್ಚಿದರು, ಕೊನೆಗೆ ಕೆಡವೋ ಕಟ್ಟಡದ ಮೇಲೆ ನಿಲ್ಲಿಸಿ ಕಟ್ಟಡವನ್ನೇ ಉರುಳಿಸಿದರು. ಪ್ರತಿ ಸಲವೂ ಹೊಸ ಪಾರ್ಟ್ ಹಾಕದೆ, ಮಾಮೂಲಿ ಟೂಲ್ಸ್‌ನಲ್ಲೇ ರಿಪೇರಿ ಮಾಡಿ ಸ್ಟಾರ್ಟ್ ಮಾಡಿದರು. ಕಾಲೇಜಿನಲ್ಲಿ ಆ ವಿಡಿಯೋ ನೋಡಿ ನಾವು ಹಾಸ್ಟೆಲ್ಲಿಡೀ ಕೂಗಾಡಿದ್ವಿ. ಈಗ ಯೋಚಿಸಿದರೆ, ಸಮುದ್ರದಲ್ಲಿ ಒಂದು ದಿನ ಮುಳುಗೋದು ಬೇರೆ, ಹದಿನೈದು ವರ್ಷ ತೊಟ್ಟಿಕ್ಕೋದು ಬೇರೆ. ಅದೇ ಕಂಪನಿಯ ಟಕೋಮಾ ಪಿಕಪ್‌ಗಳ ಫ್ರೇಮ್ ಅಮೆರಿಕದಲ್ಲಿ ತುಕ್ಕು ಹಿಡಿದು ದೊಡ್ಡ ಗಲಾಟೆಯಾಗಿತ್ತು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಹಾಕ್ತಾರೆ. 2008ರಲ್ಲಿ ಕಂಪನಿ 1995ರಿಂದ 2000ದ ಮಾಡೆಲ್‌ಗಳಿಗೆ ತುಕ್ಕಿನ ವಾರಂಟಿಯನ್ನ ಹದಿನೈದು ವರ್ಷಕ್ಕೆ ಏರಿಸಿತು, ತೀರಾ ಹಾಳಾದ ಗಾಡಿಗಳನ್ನ ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟು ಕೊಟ್ಟು ವಾಪಸ್ ತಗೊಂಡಿತು. ಅವರ ಎಂಜಿನ್‌ಗಳೂ ಚೆನ್ನಾಗೇ ಇದ್ದವು.

ಗ್ಯಾರೇಜಿಗೆ ವಾಪಸ್ ಬರ್ತೀನಿ. ಅಪ್ಪಯ್ಯ ವೆಲ್ಡಿಂಗ್ ಬಗ್ಗೆ ಕೇಳ್ತಿದ್ದರು. ಪ್ಯಾಚ್ ಹಾಕಬೇಕಾದರೆ ಎರಡೂ ಕಡೆ ಒಳ್ಳೇ ಕಬ್ಬಿಣ ಬೇಕು, ಇಲ್ಲಿ ಹಿಡಿಸೋದು ಯಾವುದಕ್ಕೆ ಅಂತ ಅಣ್ಣ ಕೇಳಿದರು. ಬೇರೆ ಚಾಸಿಸ್ ಹಾಕಿಸಬೇಕಂದ್ರೆ ಆರ್‌ಟಿಒ ಒಪ್ಪಿಗೆ, ಹೊಸ ನಂಬರ್ ಅಂತ ಓಡಾಟ, ಖರ್ಚು ಗಾಡಿ ಬೆಲೆಗಿಂತ ಜಾಸ್ತಿ. ಅಪ್ಪಯ್ಯ ಚಾ ಕುಡಿಯೋಕೆ ಅಂತ ಆಚೆ ಹೋದರು. ಆಗ ಅಣ್ಣ ಬ್ರೇಕ್ ಪೈಪ್ ತೋರಿಸ್ತಾ ಹೇಳಿದರು, "ಇದೊಂದ್ ಹೊಸದಿತ್ತ್ ತಂಗಿ. ಆಗುಂಬೆ ಇಳೀವಾಗ ಒಡದ್ ಹೋದ ಮೇಲೆ ಹಾಕದ್ದಲ್ದಾ."

ನನಗೆ ಅರ್ಥವಾಗಲಿಲ್ಲ. ಫೋನಿನಲ್ಲಿ ಶೀಟ್ ತೆಗೆದೆ. 2022ರ ನವೆಂಬರ್. "ಬ್ರೇಕ್ ಪೈಪ್ 850, ಬ್ರೇಕ್ ಆಯಿಲ್ 220." ಸಣ್ಣ ಖರ್ಚು ಅಂತ ನಾನು ಅದಕ್ಕೆ ಹಸಿರು ಬಣ್ಣ ಹಾಕಿದ್ದೆ.

ಆಕ್ಸಲ್ ಮೇಲೆ ಹೋಗೋ ಪೈಪು ತುಕ್ಕು ತಿಂದು ಒಡೆದಿತ್ತು. ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಯ್ತಂತೆ. ಬ್ರೇಕ್‌ಗೆ ಎರಡು ಪ್ರತ್ಯೇಕ ಲೈನ್ ಇರೋದರಿಂದ ಮುಂದಿನ ಚಕ್ರಗಳು ಹಿಡಿದವು. ಹಿಂದಿನದ್ದು ಪೂರ್ತಿ ಇಲ್ಲ. ಶಿವಮೊಗ್ಗದಿಂದ ಬರ್ತಿದ್ದ ಗಾಡಿ, ಹಿಂದೆ ಖಾಲಿ ಕ್ರೇಟುಗಳು ಮಾತ್ರ. ಹದಿನಾಲ್ಕು ತಿರುವಿನಲ್ಲಿ ಎಷ್ಟನೇದರಲ್ಲಿ ಆಯ್ತು ಅಂತ ಅಣ್ಣನಿಗೂ ಗೊತ್ತಿಲ್ಲ. ಫಸ್ಟ್ ಗೇರಲ್ಲಿ, ಹ್ಯಾಂಡ್ ಬ್ರೇಕ್ ಎಳೀತಾ ಸೋಮೇಶ್ವರದವರೆಗೆ ಇಳಿಸಿಕೊಂಡು ಬಂದರಂತೆ. ಆ ವಾರ ಮನೆಗೆ ಫೋನ್ ಮಾಡಿದಾಗ ಅಪ್ಪಯ್ಯ ಬಂಗುಡೆ ರೇಟು ಬಿದ್ದುಹೋಗಿದೆ ಅಂತ ಮಾತ್ರ ಹೇಳಿದ ನೆನಪು.

ಅವರು ವಾಪಸ್ ಬಂದಾಗ ಕೇಳಿಯೇಬಿಟ್ಟೆ. ಚಾ ಲೋಟ ನನ್ನ ಕೈಗೆ ಕೊಟ್ಟರು. "ಹೇಳ್ರೆ ನಿಮ್ಗ್ ನಿದ್ರಿ ಬತ್ತಿಲ್ಲ ಅಂದೇಳಿ ಹೇಳ್ಲಿಲ್ಲ." ಅಮ್ಮನಿಗೂ ಗೊತ್ತಿರಲಿಲ್ಲ. ನಾನು ಜೋರು ಮಾತಾಡಿದೆ, ಗ್ಯಾರೇಜಿನವರ ಎದುರಿಗೆ ಅಷ್ಟು ಮಾತಾಡಬಾರದಿತ್ತು. ಅಪ್ಪಯ್ಯ ಉತ್ತರ ಕೊಡದೆ ಗಾಡಿಗೆ ಹತ್ತಿ ಸ್ಟಾರ್ಟ್ ಮಾಡಿದರು. ಒಂದೇ ಸಲಕ್ಕೆ ಸ್ಟಾರ್ಟ್. ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಸುಮ್ಮನೆ ಕೇಳ್ತಾ ಕೂತರು. ಆಮೇಲೆ ಆಫ್ ಮಾಡಿ ಕೀಲಿಯನ್ನ ಅಣ್ಣನ ಕೈಗೆ ಕೊಟ್ಟರು.

ಗಾಡಿಯನ್ನ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ವಿ. ಬೀದಿ ಗುಜರಿಯವರು ಸ್ವಲ್ಪ ಹೆಚ್ಚು ಕೊಡ್ತೀವಿ ಅಂದರು. ಆದರೆ ಆರ್‌ಸಿ ಕ್ಯಾನ್ಸಲ್ ಆಗದೆ ಉಳಿದರೆ ಟ್ಯಾಕ್ಸು, ಕೇಸು ಎಲ್ಲ ನಮ್ಮ ಹೆಸರಿಗೇ ಬರುತ್ತೆ. ಕೇಂದ್ರದಲ್ಲಿ ಡೆಪಾಸಿಟ್ ಸರ್ಟಿಫಿಕೇಟ್ ಕೊಡ್ತಾರೆ, ಅದನ್ನ ಜೋಪಾನವಾಗಿ ಇಟ್ಕೊಳ್ಳಿ.

ನನ್ನ ಆಫೀಸಿನಲ್ಲಿ ಇಬ್ಬರು ತೋಟ ತಗೊಂಡಿದ್ದಾರೆ, ಇಬ್ಬರಿಗೂ ಹಳೇ ಪಿಕಪ್ ಬೇಕಂತೆ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಬಾನೆಟ್ ಕೊನೆಗೆ ಎತ್ತಿ. ಮೊದಲು ಸುತ್ತಿಗೆ ಹಿಡಿದು ಕೆಳಗೆ ಹೋಗಿ, ಸ್ಪ್ರಿಂಗ್ ಬ್ರ್ಯಾಕೆಟ್ ಹತ್ತಿರ ಬಡೀರಿ, ಆಕ್ಸಲ್ ಮೇಲಿನ ಬ್ರೇಕ್ ಪೈಪಿಗೆ ಉಗುರು ಹಾಕಿ ಕೆರೀರಿ. ಗಾಡಿ ಎಷ್ಟು ಓಡಿದೆ ಅನ್ನೋದಕ್ಕಿಂತ ಯಾವ ಊರಲ್ಲಿತ್ತು, ಏನು ಹೊತ್ತಿತ್ತು ಅಂತ ಕೇಳಿ. ಕೆಳಗೆ ಹೊಸ ಕಪ್ಪು ಪೇಂಟ್ ಮಿಂಚ್ತಿದ್ದರೆ ಅಲ್ಲೇ ಇನ್ನೆರಡು ಏಟು ಜಾಸ್ತಿ ಹಾಕಿ.

ನಾವು ಆಮೇಲೆ ಚಿತ್ರದುರ್ಗದ ಕಡೆಯಿಂದ ಈರುಳ್ಳಿ ಹೊರುತ್ತಿದ್ದ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಂದ್ವಿ. ಮಾರೋ ಹುಡುಗ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸೋಕೆ ಒದ್ದಾಡ್ತಿದ್ದ. ಅಪ್ಪಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಆಗಲೇ ಗಾಡಿಯ ಕೆಳಗಿದ್ದರು, ಬರೀ ಕಾಲು ಕಾಣ್ತಿತ್ತು. ವಾರಕ್ಕೆ ಎರಡೇ ಟ್ರಿಪ್ ಅಂತ ಅಮ್ಮನ ಎದುರಿಗೆ ಒಪ್ಪಿದ್ದಾರೆ.

ಹೋದ ಶನಿವಾರ ಊರಿಗೆ ಹೋದಾಗ ಸೀಟಿನ ಕೆಳಗೆ ಕೈ ಹಾಕಿ ಹೊಸ ಡೈರಿ ತೆಗೆದು ನೋಡಿದೆ. ಪ್ರತಿ ಟ್ರಿಪ್ಪಿನ ಡೀಸೆಲ್ ಲೆಕ್ಕದ ಕೆಳಗೆ ಒಂದು ಸಾಲು ಜಾಸ್ತಿ ಇದೆ: "ಕೆಳಗೆ ಸಿಹಿನೀರು ಹೊಡೆಸಿದ್ದು, 100."