ಕೋಡ್ ಓದಿದವರೆಲ್ಲ ಮೆಕ್ಯಾನಿಕ್ಕಾ?

ತಿಕೋಟಾ ದಾಟುತ್ತಿದ್ದಂತೆ ನಮ್ಮ ಪಿಕಪ್ ಎಳೆಯೋದನ್ನೇ ಬಿಟ್ಟಿತು. ಹಿಂದೆ ದ್ರಾಕ್ಷಿ ಲೋಡು. ತೆವಳುತ್ತಾ ವಿಜಯಪುರದ ಗ್ಯಾರೇಜೊಂದಕ್ಕೆ ಬಂದರೆ, ಸ್ಕ್ಯಾನರ್ ಚುಚ್ಚಿ "ಪಿ2138 ಬಂದೈತ್ರಿ, ಪೆಡಲ್ ಹೋಗೈತಿ, ಹೊಸಾದು ಹಾಕ್ಸ್ರಿ" ಅಂದರು. ಹಾಕಿಸಿದೆ. ಎರಡೇ ದಿನ, ಬಬಲೇಶ್ವರದ ದಾರಿಯಲ್ಲಿ ಮತ್ತೆ ಅದೇ ಕತೆ!

ಸ್ವಾಮಿ, ಆ ಕೋಡ್ ಪೆಡಲ್ ಸತ್ತಿದೆ ಅಂತ ಹೇಳೋದೇ ಇಲ್ಲ. ಪೆಡಲಿನಲ್ಲಿ ಎರಡು ಸೆನ್ಸರ್. ಹಲವು ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಎರಡರಷ್ಟು. ಈ ಲೆಕ್ಕ ತಾಳೆಯಾಗದಿದ್ದರೆ ಇಸಿಯು ಎರಡನ್ನೂ ನಂಬದೆ ಎಂಜಿನ್ನಿನ ಶಕ್ತಿ ಇಳಿಸುತ್ತದೆ. ತಾಳೆ ತಪ್ಪಲು ಸವೆದ ವೈರ್, ಸಡಿಲ ಅರ್ಥಿಂಗ್ ಸಾಕು. ಬಬಲೇಶ್ವರದ ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಹಿಡಿದು 5 ವೋಲ್ಟ್ ಬರುತ್ತಿದೆಯಾ, ಅರ್ಥಿಂಗ್ ಇದೆಯಾ ನೋಡಿದ. ಪೆಡಲ್ ನಿಧಾನ ಒತ್ತುತ್ತಾ ವೈರ್ ಅಲುಗಾಡಿಸಿದ. ಸಿಕ್ಕಿದ್ದು ಗಾಡಿಯ ಕಡೆಯ ಕನೆಕ್ಟರಿನಲ್ಲಿ ಹಸಿರುಗಟ್ಟಿದ ಒಂದು ಪಿನ್! ಪೆಡಲ್ ಬದಲಿಸುವಾಗ ಅದನ್ನು ಕಿತ್ತು ಕೂಡಿಸಿದ್ದಕ್ಕೇ ಎರಡು ದಿನ ಓಡಿತ್ತು.

ಕೋಡ್ ಅಂದರೆ ಬರೀ ದೂರು. ವಿಚಾರಣೆಯಿಲ್ಲದ ತೀರ್ಪಿಗೆ ನಾವ್ಯಾಕೆ ದುಡ್ಡು ಕೊಡಬೇಕು? ಮುಂದಿನ ಸಲ ನೀವೂ ಕೇಳಿ: "ಮೀಟರ್ ಹಿಡಿದು ನೋಡಿದ್ರೇನ್ರಿ?"